ಅಳತೆಯೇ ಗುರಿಯಾದಾಗ: ಯೂರೋ ಸೇರ್ಪಡೆಯ ಷರತ್ತುಗಳು ಮತ್ತು ಕುಟುಂಬ ವೈದ್ಯರ ಅಂಕಗಳು

ಪ್ರಶ್ನೆ (ಸಾರ್ವಜನಿಕ ನೀತಿಯ ವಿದ್ಯಾರ್ಥಿನಿ)

ನಾನು ಈಗ ಓದುತ್ತಿರುವ ಎರಡು ವಿಷಯಗಳಿಗೆ ಮೇಲ್ನೋಟಕ್ಕೆ ಸಂಬಂಧವಿಲ್ಲ. ಒಂದು, ಯುರೋಪಿನ ದೇಶಗಳು ಸ್ವಂತ ಕರೆನ್ಸಿಗಳನ್ನು ಬಿಟ್ಟು ಯೂರೋವನ್ನು ಒಪ್ಪಿಕೊಂಡ ಬಗೆ. ಇನ್ನೊಂದು, ಬ್ರಿಟನ್ನಿನಲ್ಲಿ ಕುಟುಂಬ ವೈದ್ಯರ ದಿನನಿತ್ಯದ ಕೆಲಸವನ್ನು ಅಳೆಯಲು 2004ರಲ್ಲಿ ಜಾರಿಗೆ ಬಂದ ವ್ಯವಸ್ಥೆ. 1992ರ ಮಾಸ್ಟ್ರಿಕ್ಟ್ ಒಪ್ಪಂದವು ಯೂರೋ ಸೇರ್ಪಡೆಗೆ ಸಂಖ್ಯೆಗಳ ಷರತ್ತು ಹಾಕಿತು: ಸರ್ಕಾರದ ವಾರ್ಷಿಕ ಕೊರತೆ ಜಿಡಿಪಿಯ ಶೇ 3ನ್ನು, ಸಾಲ ಶೇ 60ನ್ನು ಮೀರಬಾರದು, ಹಣದುಬ್ಬರ, ದೀರ್ಘಾವಧಿ ಬಡ್ಡಿ ದರ ಮತ್ತು ವಿನಿಮಯ ದರಗಳಿಗೂ ಮಿತಿಗಳಿದ್ದವು. ಬ್ರಿಟನ್ನಿನ ವ್ಯವಸ್ಥೆಯಲ್ಲಿ ಆರಂಭಕ್ಕೆ 146 ಸೂಚಕಗಳೂ 1,050 ಅಂಕಗಳೂ ಇದ್ದು, ಗಳಿಸಿದ ಅಂಕಕ್ಕೆ ತಕ್ಕಂತೆ ಚಿಕಿತ್ಸಾಲಯಕ್ಕೆ ಹಣ ಸಿಗುತ್ತಿತ್ತು.

ಅಂಕಿಅಂಶಗಳಲ್ಲಿ ಕಾಣುವ ಕ್ರಮಬದ್ಧತೆಯನ್ನು ನಿಯಂತ್ರಣದ ಸಾಧನವಾಗಿ ಬಳಸಹೊರಟರೆ ಅದು ಕುಸಿದುಬೀಳುತ್ತದೆ ಎಂದು ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಹೇಳಿದ್ದು ಎರಡಕ್ಕೂ ಅನ್ವಯಿಸುವಂತೆ ತೋರುತ್ತದೆ. ದೋಷವಿರುವುದು ಆರಿಸಿಕೊಂಡ ಸಂಖ್ಯೆಗಳಲ್ಲೋ, ಅಥವಾ ಸಂಖ್ಯೆಗೆ ಪ್ರವೇಶವನ್ನೋ ಹಣವನ್ನೋ ಗಂಟುಹಾಕಿದ್ದರಲ್ಲೋ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಅರ್ಥಶಾಸ್ತ್ರ ಬೋಧಕ)

ಯೂರೋ ಬಗ್ಗೆ ಮಾತ್ರ ಬರೆಯುತ್ತೇನೆ. ವೈದ್ಯಕೀಯದ ಭಾಗವನ್ನು ಆ ವೃತ್ತಿಯವರೇ ಹೇಳುವುದು ಸೂಕ್ತ.

ಎಲ್ಲರೂ ಮೊದಲು ಎತ್ತಿಕೊಳ್ಳುವುದು ಗ್ರೀಸಿನ ಉದಾಹರಣೆಯನ್ನು. ಆ ದೇಶ 2001ರಲ್ಲಿ ಯೂರೋ ವಲಯವನ್ನು ಸೇರಿತು. ಅರ್ಹತೆಗೆ ಆಧಾರವಾಗಿದ್ದ ವರ್ಷಗಳ ಕೊರತೆ ನಿಜವಾಗಿ ಶೇ 3ನ್ನು ಮೀರಿತ್ತು ಎಂಬುದು 2004ರ ಮರುಪರಿಶೀಲನೆಯಲ್ಲಿ ಹೊರಬಂತು. 2009ರ ಕೊರತೆಯನ್ನು ಮತ್ತೆ ಮತ್ತೆ ತಿದ್ದಿ, ಕೊನೆಗೆ ಅದು ಶೇ 15ನ್ನು ದಾಟಿತು. ಇದು ಲೆಕ್ಕ ತಿರುಚಿದ ಪ್ರಕರಣವಾದ್ದರಿಂದ, ಪ್ರಾಮಾಣಿಕವಾಗಿ ಲೆಕ್ಕ ಇಟ್ಟಿದ್ದರೆ ಸಾಕಿತ್ತು ಎಂಬ ತಪ್ಪು ಸಮಾಧಾನವನ್ನು ನಮಗೆ ಕೊಡುತ್ತದೆ.

ನಿಮ್ಮ ಪ್ರಶ್ನೆಗೆ ಹೆಚ್ಚು ಉಪಯುಕ್ತವಾಗುವುದು ಸ್ಪೇನ್ ಮತ್ತು ಐರ್ಲೆಂಡ್ ದೇಶಗಳ ಅನುಭವ. 2007ರಲ್ಲಿ ಸ್ಪೇನ್ ಸರ್ಕಾರದ ಬಜೆಟ್ ಮಿಗತೆಯಲ್ಲಿತ್ತು, ಸಾಲ ಜಿಡಿಪಿಯ ಶೇ 40ಕ್ಕಿಂತ ಕಡಿಮೆಯಿತ್ತು. ಐರ್ಲೆಂಡಿನ ಸಾಲ ಶೇ 25ರ ಆಸುಪಾಸಿನಲ್ಲಿತ್ತು. ಒಪ್ಪಂದದ ಕಣ್ಣಿನಲ್ಲಿ ಇವು ಜರ್ಮನಿಗಿಂತಲೂ ಶಿಸ್ತಿನ ದೇಶಗಳು. ಆದರೆ ಇಡೀ ವಲಯಕ್ಕೆ ಒಂದೇ ಬಡ್ಡಿ ದರ ನಿಗದಿಯಾಗುತ್ತಿದ್ದುದರಿಂದ, ವೇಗವಾಗಿ ಬೆಳೆಯುತ್ತಿದ್ದ ಈ ಎರಡು ಅರ್ಥವ್ಯವಸ್ಥೆಗಳಿಗೆ ಆ ದರ ತೀರಾ ಅಗ್ಗವಾಗಿ, ಬ್ಯಾಂಕುಗಳು ಹೊರದೇಶಗಳಿಂದ ತಂದ ಹಣವನ್ನು ಮನೆ ಮತ್ತು ಜಮೀನಿನ ಮೇಲೆ ಸಾಲವಾಗಿ ಸುರಿದವು. ಬೆಲೆಗಳು ಕುಸಿದಾಗ ಅಪಮೌಲ್ಯಗೊಳಿಸಲು ಸ್ವಂತ ಕರೆನ್ಸಿ ಇರಲಿಲ್ಲ. ಬ್ಯಾಂಕುಗಳ ನಷ್ಟವನ್ನು ಸರ್ಕಾರ ಹೊತ್ತುಕೊಂಡಿದ್ದರಿಂದ ಐರ್ಲೆಂಡಿನ ಸಾಲ ಕೆಲವೇ ವರ್ಷಗಳಲ್ಲಿ ಜಿಡಿಪಿಯ ಗಾತ್ರವನ್ನೇ ಮೀರಿತು. ಇಲ್ಲಿ ಯಾರೂ ಸುಳ್ಳು ಲೆಕ್ಕ ಕೊಟ್ಟಿರಲಿಲ್ಲ. ಅಪಾಯ ಬೆಳೆದದ್ದು ಖಾಸಗಿ ಸಾಲದಲ್ಲಿ, ಅಳತೆ ಇದ್ದದ್ದು ಸರ್ಕಾರದ ಸಾಲಕ್ಕೆ.

ಒಂದೇ ಕರೆನ್ಸಿ ಯಾವ ಪ್ರದೇಶಕ್ಕೆ ಹೊಂದುತ್ತದೆ ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಮುಂಡೆಲ್ 1961ರಲ್ಲಿಯೇ ಕೇಳಿದ್ದರು. ಒಂದು ಕಡೆ ಕೆಲಸ ಕಡಿಮೆಯಾದರೆ ಜನ ಇನ್ನೊಂದು ಕಡೆಗೆ ಹೋಗಬಲ್ಲರೇ ಎಂಬುದು ಅವರ ಮುಖ್ಯ ಪ್ರಶ್ನೆಯಾಗಿತ್ತು. ಮಾಸ್ಟ್ರಿಕ್ಟ್‌ನ ಷರತ್ತುಗಳಲ್ಲಿ ಅದಕ್ಕೆ ಜಾಗವೇ ಸಿಗಲಿಲ್ಲ. ಎಣಿಸಲು ಸುಲಭವಾದದ್ದು ಒಪ್ಪಂದಕ್ಕೆ ಸೇರಿತು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು: ಬಾಗಿಲಲ್ಲಿ ನಡೆಯುವ ಪರೀಕ್ಷೆಗೆ ಒಳಗೆ ಹೋದ ಮೇಲೆ ಬಲವಿರುವುದಿಲ್ಲ. ಜರ್ಮನಿ ಮತ್ತು ಫ್ರಾನ್ಸ್ ಶೇ 3ರ ಮಿತಿಯನ್ನು ಮೀರಿದಾಗ, 2003ರ ನವೆಂಬರಿನಲ್ಲಿ ಸದಸ್ಯ ದೇಶಗಳ ಹಣಕಾಸು ಸಚಿವರೇ ಅವುಗಳ ವಿರುದ್ಧದ ಶಿಸ್ತುಕ್ರಮವನ್ನು ತಡೆಹಿಡಿದರು.

ಉತ್ತರ 2 (ಕುಟುಂಬ ವೈದ್ಯೆ)

ಮೇಲಿನ ಉತ್ತರದ ಕೊನೆಯ ಭಾಗವೇ ನಮ್ಮ ವೃತ್ತಿಯಲ್ಲಿ ತಲೆಕೆಳಗಾಗಿದೆ: ನಮ್ಮ ಪರೀಕ್ಷೆ ಬಾಗಿಲಲ್ಲಿ ಮುಗಿಯುವುದಿಲ್ಲ, ವರ್ಷವಿಡೀ ಪಕ್ಕದಲ್ಲೇ ಕುಳಿತಿರುತ್ತದೆ.

ಬ್ರಿಟನ್ನಿನ ಚಿಕಿತ್ಸಾಲಯಗಳು ಮೊದಲ ವರ್ಷದಲ್ಲೇ ಸರ್ಕಾರದ ನಿರೀಕ್ಷೆಯನ್ನು ಮೀರಿ, ಸರಾಸರಿ ಶೇ 90ಕ್ಕಿಂತ ಹೆಚ್ಚು ಅಂಕ ಗಳಿಸಿದವು. ಅಸ್ತಮಾ ಮತ್ತು ಮಧುಮೇಹದ ಆರೈಕೆ ಒಂದಷ್ಟು ಕಾಲ ನಿಜವಾಗಿಯೂ ಸುಧಾರಿಸಿತು. ಗುರಿ ತಲುಪಿದ ಮೇಲೆ ಸುಧಾರಣೆಯ ವೇಗ ಇಳಿಯಿತು. ಹಣ ನಿಗದಿಯಾಗದ ಅಂಶಗಳಲ್ಲಿ ಗುಣಮಟ್ಟ ಕುಸಿಯಿತು. ರೋಗಿ ತನ್ನದೇ ವೈದ್ಯರನ್ನು ಕಾಣುವುದು ಕಡಿಮೆಯಾಯಿತು. ರಕ್ತದೊತ್ತಡದ ಗುರಿ 150 ಎಂದಿದ್ದಾಗ, ದಾಖಲೆಗಳಲ್ಲಿ 150ಕ್ಕಿಂತ ತುಸುವೇ ಕೆಳಗಿನ ಅಳತೆಗಳು ಅಸಹಜವಾಗಿ ಹೆಚ್ಚಿದ್ದವು. ಇದನ್ನು ವಂಚನೆ ಎಂದು ನಾನು ಕರೆಯಲಾರೆ. 152 ಬಂದ ರೋಗಿಯನ್ನು ಐದು ನಿಮಿಷ ಕೂರಿಸಿ ಮತ್ತೆ ಅಳೆಯುವುದು ವೈದ್ಯಕೀಯವಾಗಿ ಸರಿ. 148 ಬಂದವರನ್ನು ಯಾರೂ ಎರಡನೇ ಸಲ ಅಳೆಯುವುದಿಲ್ಲ, ಅಷ್ಟೇ.

48 ಗಂಟೆಯೊಳಗೆ ವೈದ್ಯರು ಸಿಗಬೇಕೆಂಬ ಗುರಿಯ ಕಥೆ ಇನ್ನೂ ಸ್ಪಷ್ಟ. ಗುರಿ ತಪ್ಪಬಾರದೆಂದು ಅನೇಕ ಚಿಕಿತ್ಸಾಲಯಗಳು ಮುಂಗಡವಾಗಿ ಸಮಯ ಕೊಡುವುದನ್ನೇ ನಿಲ್ಲಿಸಿದವು. ಮುಂದಿನ ವಾರಕ್ಕೆ ಸಮಯ ಕೇಳಿದರೆ ಸಿಗುವುದಿಲ್ಲವೆಂದು 2005ರ ಚುನಾವಣೆಯ ವೇಳೆ ಟಿವಿ ಕಾರ್ಯಕ್ರಮದಲ್ಲಿ ಮಹಿಳೆಯೊಬ್ಬರು ಪ್ರಧಾನಿ ಟೋನಿ ಬ್ಲೇರ್ ಅವರನ್ನೇ ಕೇಳಿದಾಗ, ಅವರಿಗೆ ಆ ಸಂಗತಿ ತಿಳಿದೇ ಇರಲಿಲ್ಲ.

ನಮ್ಮ ಕೆಲಸದ ಬಹುಭಾಗ ಎಣಿಕೆಗೆ ಸಿಗುವಂಥದ್ದಲ್ಲ. ತಲೆನೋವೆಂದು ಬಂದವರು ಹೊರಡುವ ಮುನ್ನ ಬಾಗಿಲ ಬಳಿ ನಿಂತು ಹೇಳುವ ಮಾತಿನಲ್ಲಿ ನಿಜವಾದ ಸಂಕಟ ಇರುತ್ತದೆ. ಅನಗತ್ಯ ಔಷಧವೊಂದನ್ನು ನಿಲ್ಲಿಸುವುದಕ್ಕೆ, ಸ್ಕ್ಯಾನ್ ಬೇಡವೆಂದು ಒಪ್ಪಿಸುವುದಕ್ಕೆ ಬೇಕಾಗುವ ಸಮಯಕ್ಕೆ ಅಂಕವಿಲ್ಲ. ನಾರ್ವೆಯ ದೊಡ್ಡ ಅಧ್ಯಯನವೊಂದರಲ್ಲಿ, ಒಬ್ಬರೇ ಕುಟುಂಬ ವೈದ್ಯರ ಬಳಿ 15 ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರಲ್ಲಿ ಸಾವಿನ ಪ್ರಮಾಣ, ಒಂದು ವರ್ಷವಷ್ಟೇ ಇದ್ದವರಿಗಿಂತ ಸುಮಾರು ಕಾಲು ಭಾಗ ಕಡಿಮೆಯಿತ್ತು. ಇಷ್ಟು ಮುಖ್ಯವಾದ ಸಂಗತಿಯನ್ನು ಅಂಕಗಳ ಪಟ್ಟಿ ಹಿಂದಕ್ಕೆ ತಳ್ಳಿತೆಂಬುದು ನನಗೆ ಇಂದಿಗೂ ನೋವಿನ ವಿಷಯ.

ಉತ್ತರ 3 (ಆರೋಗ್ಯ ಆಡಳಿತದಲ್ಲಿರುವವರು)

ಮೇಡಂ, ನಿಮ್ಮ ಮಾತನ್ನು ಗೌರವಿಸುತ್ತಲೇ ಒಂದು ಆಕ್ಷೇಪ ಎತ್ತುತ್ತೇನೆ. 2014ರಲ್ಲಿ ಹಲವು ಸೂಚಕಗಳಿಂದ ಹಣವನ್ನು ತೆಗೆದ ಕೂಡಲೇ, ದಾಖಲಾದ ಆರೈಕೆಯ ಮಟ್ಟ ಇಳಿಯಿತು. ಅದರಲ್ಲಿ ಕೆಲವು ಬರೀ ದಾಖಲೆಯ ಇಳಿಕೆ ಇರಬಹುದು. ಆದರೆ ಪ್ರಯೋಗಾಲಯದ ಪರೀಕ್ಷೆಗಳೂ ಕಡಿಮೆಯಾದವು, ಅದು ಬರೆಯದೆ ಬಿಟ್ಟದ್ದಲ್ಲ. ಅಳೆಯದಿದ್ದರೆ ಹಿಂದೆ ಬೀಳುವವರು ಯಾರು ಎಂಬುದನ್ನೂ ಯೋಚಿಸಬೇಕು: ಚಿಕಿತ್ಸಾಲಯ ದುರ್ಬಲವಾಗಿರುವ ಕಡೆ ವಾಸಿಸುವ, ದನಿ ಎತ್ತಿ ಕೇಳಲಾಗದ ರೋಗಿಗಳು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಹಾಗಾದರೆ ಅಳತೆಯನ್ನು ಉಳಿಸಿಕೊಂಡು ಅದಕ್ಕೆ ಕಟ್ಟಿದ ಹಣವನ್ನು ಮಾತ್ರ ಬಿಡಿಸಿದ ಉದಾಹರಣೆ ಎಲ್ಲಾದರೂ ಇದೆಯೇ?

ಉತ್ತರ 2 (ಕುಟುಂಬ ವೈದ್ಯೆ)

ಸ್ಕಾಟ್ಲೆಂಡ್ 2016ರಲ್ಲಿ ಅಂಕಗಳ ವ್ಯವಸ್ಥೆಯನ್ನು ಕೈಬಿಟ್ಟು, ಅಕ್ಕಪಕ್ಕದ ಚಿಕಿತ್ಸಾಲಯಗಳು ಗುಂಪಾಗಿ ಕುಳಿತು ತಮ್ಮ ಅಂಕಿಅಂಶಗಳನ್ನು ತಾವೇ ಪರಸ್ಪರ ಪರಿಶೀಲಿಸುವ ಕ್ರಮಕ್ಕೆ ಹೋಯಿತು. ಆರೋಗ್ಯ ಆಡಳಿತದವರ ಆತಂಕಕ್ಕೆ ಇದು ಪೂರ್ತಿ ಉತ್ತರವಲ್ಲ, ಏಕೆಂದರೆ ಗುಂಪಿನಲ್ಲಿ ಮೌನವಾಗಿ ಕೂರುವ ದುರ್ಬಲ ಚಿಕಿತ್ಸಾಲಯವನ್ನು ಗೆಳೆಯರು ಗಟ್ಟಿಯಾಗಿ ಪ್ರಶ್ನಿಸಲಾರರು. ಆದರೂ 148 ಮತ್ತು 152ರ ನಡುವಿನ ಆ ಒತ್ತಡ ಅಲ್ಲಿ ಇರುವುದಿಲ್ಲ.

ಉತ್ತರ 1 (ಅರ್ಥಶಾಸ್ತ್ರ ಬೋಧಕ)

ಯೂರೋ ವಲಯದಲ್ಲಿ ಸಂಖ್ಯೆಯನ್ನು ಬಿಡಿಸಲಿಲ್ಲ, ಎಣಿಸುವವರನ್ನು ಬಲಪಡಿಸಿದರು. ದೇಶಗಳು ಕೊಡುವ ಲೆಕ್ಕವನ್ನು ಮೂಲದಲ್ಲೇ ಪರಿಶೀಲಿಸುವ ಅಧಿಕಾರ 2010ರಲ್ಲಿ ಯುರೋಪಿಯನ್ ಒಕ್ಕೂಟದ ಅಂಕಿಅಂಶ ಸಂಸ್ಥೆಯಾದ ಯೂರೋಸ್ಟಾಟ್‌ಗೆ ದೊರೆಯಿತು. 2011ರ ಸುಧಾರಣೆಗಳಲ್ಲಿ ಖಾಸಗಿ ಸಾಲ, ಮನೆಗಳ ಬೆಲೆ, ದೇಶದ ಚಾಲ್ತಿ ಖಾತೆ (ಹೊರದೇಶಗಳೊಂದಿಗಿನ ವ್ಯವಹಾರದ ಜಮಾ-ಖರ್ಚು) ಇವನ್ನೂ ಗಮನಿಸುವ ಸೂಚಕಗಳ ಪಟ್ಟಿ ಬಂತು. ಅದರಲ್ಲಿ ಮಿತಿ ಮೀರಿದರೆ ನೇರವಾಗಿ ದಂಡವಿಲ್ಲ, ಮೊದಲು ಆಳವಾದ ಪರಿಶೀಲನೆ ನಡೆಯುತ್ತದೆ. ಸಂಖ್ಯೆ ತೀರ್ಪು ಕೊಡದೆ ವಿಚಾರಣೆಯನ್ನು ಆರಂಭಿಸುವ ಈ ಬಗೆ, ವೈದ್ಯರ ಮೌಲ್ಯಮಾಪನಕ್ಕೂ ಹೊಂದಬಹುದೆಂದು ನನಗೆ ತೋರುತ್ತದೆ.