ಫ್ಲೈ ಫಿಶಿಂಗ್ ಕಲಿಯೋರಿಗೆ: ಯಾವ ಫ್ಲೈ ತಗೋಬೇಕು, ಲೈನ್ ಹೇಗೆ ಎಸೀಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಈಗ ಡೆನ್ವರ್‌ನಲ್ಲಿದ್ದೇನೆ. ಊರಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕಿದ್ದಷ್ಟೇ ಗೊತ್ತು. ಬೇಸಿಗೆಯಲ್ಲಿ ಡೆಕರ್ಸ್ ಹತ್ತಿರ ಸೌತ್ ಪ್ಲಾಟ್ ನದಿಗೆ ಹೋಗಬೇಕು ಅಂತಿದೆ. ಅಂಗಡಿಯಲ್ಲಿ ನೂರಾರು ಬಗೆಯ ಫ್ಲೈಗಳಿವೆ (ಹುಳುವಿನಂತೆ ಕಾಣೋ ಕೊಕ್ಕೆಗಳು), ಯಾವುದನ್ನು ತಗೊಳ್ಳಲಿ? ಲೈನ್ ಎಸೆದರೆ ತಲೆ ಹಿಂದೆಯೇ ಸಿಕ್ಕಾಗಿ ಬೀಳುತ್ತದೆ.

ಉತ್ತರ: ನಮಸ್ಕಾರ. ಮೊದಲು ಎಸೆಯೋದು ಸರಿ ಮಾಡಿಕೊಳ್ಳೋಣ. ಫ್ಲೈ ಆಮೇಲೆ.

ಎರೆಹುಳು ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಫ್ಲೈಗೆ ತೂಕವೇ ಇಲ್ಲ, ಲೈನಿನ ತೂಕವೇ ಅದನ್ನು ಒಯ್ಯಬೇಕು. ಅದಕ್ಕೆ ಲೈನ್ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ನೀವು ಬಹುಶಃ ಕಾಯುತ್ತಿಲ್ಲ. ಎಸೆಯುವಾಗ ಹಿಂದೆ ಚಟೀರ್ ಅಂತ ಸದ್ದಾದರೆ ಅವಸರ ಮಾಡಿದಿರಿ ಅಂತಲೇ ಅರ್ಥ.

ನದಿಗೆ ಹೋಗೋ ಮೊದಲು ಪಾರ್ಕಿನ ಹುಲ್ಲಿನ ಮೇಲೆ ಅಭ್ಯಾಸ ಮಾಡಿ. ಕೊಕ್ಕೆ ಬೇಡ, ತುದಿಗೆ ಬಣ್ಣದ ಉಣ್ಣೆ ದಾರ ಕಟ್ಟಿ. ರಾಡ್ ತುದಿಯಿಂದಾಚೆ ಸುಮಾರು 25 ಅಡಿ ಲೈನ್ ಸಾಕು. ರಾಡ್ ತುದಿ ನೆಲದ ಹತ್ತಿರ ಇರಲಿ. ನಿಧಾನವಾಗಿ ಎತ್ತಿ, ವೇಗ ಹೆಚ್ಚಿಸುತ್ತಾ ಬಂದು, ನೆಟ್ಟಗಾದ ರಾಡ್ ಸ್ವಲ್ಪ ಹಿಂದಕ್ಕೆ ದಾಟುತ್ತಿದ್ದಂತೆ ಗಕ್ಕನೆ ನಿಲ್ಲಿಸಿ. ತಲೆ ತಿರುಗಿಸಿ ಲೈನ್ ನೋಡಿ. ಅದು ನೆಟ್ಟಗಾಗುತ್ತಿದ್ದಂತೆ ಮುಂದಕ್ಕೆ ತನ್ನಿ, ಮುಂದೆಯೂ ಹಾಗೇ ನಿಲ್ಲಿಸಿ. ಮಣಿಕಟ್ಟು ಬಗ್ಗಿದರೆ ಲೈನ್ ಹಿಂದೆ ಹುಲ್ಲಿಗೆ ತಾಗುತ್ತದೆ. ಅದಕ್ಕೆ ರಾಡಿನ ಬುಡವನ್ನು ತುಂಬುತೋಳಿನ ಅಂಗಿಯ ತೋಳಿನೊಳಗೆ ತುರುಕಿಕೊಂಡು ಎಸೆಯಿರಿ. ಬಗ್ಗಿಸೋಣ ಅಂದರೂ ಆಗಲ್ಲ.

9 ಅಡಿಯ 5 ವೇಟ್ ರಾಡ್ (ವೇಟ್ ಅಂದರೆ ಅದಕ್ಕೆ ಹೊಂದುವ ಲೈನಿನ ತೂಕದ ನಂಬರ್), ತೇಲುವ ಲೈನ್, 9 ಅಡಿಯ 5ಎಕ್ಸ್ ಲೀಡರ್ (ಲೈನಿಗೂ ಫ್ಲೈಗೂ ನಡುವೆ ಕಟ್ಟುವ ತೆಳು ದಾರ; ಎಕ್ಸ್ ನಂಬರ್ ಜಾಸ್ತಿಯಾದಷ್ಟೂ ತುದಿ ತೆಳು). ಶುರುವಿಗೆ ಇಷ್ಟು ಧಾರಾಳ ಸಾಕು.

ಈಗ ಫ್ಲೈ. ಟ್ರೌಟ್ ಮೀನು ಬಹುಪಾಲು ಆಹಾರವನ್ನು ನೀರೊಳಗೇ ತಿನ್ನುತ್ತದೆ. ಹಾಗಾಗಿ ಮುಳುಗುವ ಫೆಸೆಂಟ್ ಟೇಲ್ 18ನೇ ನಂಬರ್, ಜೀಬ್ರಾ ಮಿಡ್ಜ್ 20 ತಗೊಳ್ಳಿ. ತೇಲುವುದಕ್ಕೆ ಪ್ಯಾರಾಚೂಟ್ ಆಡಮ್ಸ್ 18, ಎಲ್ಕ್ ಹೇರ್ ಕ್ಯಾಡಿಸ್ 16. ನಂಬರ್ ಜಾಸ್ತಿಯಾದಷ್ಟೂ ಕೊಕ್ಕೆ ಚಿಕ್ಕದು. ಡೆಕರ್ಸ್ ಇರೋದು ಚೀಸ್‌ಮನ್ ಅಣೆಕಟ್ಟಿನ ಕೆಳಗೆ. ಅಲ್ಲಿನ ಹುಳುಗಳು ತೀರಾ ಸಣ್ಣವು, ಮೀನುಗಳೂ ದಿನಾ ಫ್ಲೈ ನೋಡಿ ಪಳಗಿವೆ. ನೀರಿಗಿಳಿದಾಗ ಒಂದು ಕಲ್ಲು ಎತ್ತಿ ಅಡಿಭಾಗ ನೋಡಿ. ಅಂಟಿಕೊಂಡ ಮರಿಹುಳು ಎಷ್ಟು ದೊಡ್ಡದಿದೆಯೋ ಅಷ್ಟೇ ಗಾತ್ರದ ಫ್ಲೈ ಕಟ್ಟಿ. ಗಾತ್ರ ಮುಖ್ಯ, ಬಣ್ಣ ಆಮೇಲೆ.

ಮತ್ತೊಬ್ಬರ ಪ್ರಶ್ನೆ: ಮೇಡಂ, ನನ್ನ ಫ್ಲೈ ಹತ್ತಿರ ಮೀನು ಬಂದು ನೋಡಿ ವಾಪಸ್ ಹೋಗುತ್ತಿದೆ. ಫ್ಲೈ ಬದಲಿಸಲಾ?

ಉತ್ತರ: ತಡೀರಿ, ಮೊದಲು ಫ್ಲೈ ಹೇಗೆ ತೇಲುತ್ತಿದೆ ನೋಡಿ. ಪಕ್ಕದ ನೊರೆಗಿಂತ ಜೋರಾಗಿ ಹೋಗುತ್ತಿದ್ದರೆ ಅಥವಾ ಹಿಂದೆ ಸಣ್ಣ ಗೆರೆ ಬಿಡುತ್ತಿದ್ದರೆ ಲೈನ್ ಅದನ್ನು ಎಳೆಯುತ್ತಿದೆ. ಹಾಗೆ ಎಳೆದುಕೊಂಡು ಹೋಗುವ ಹುಳುವನ್ನು ಟ್ರೌಟ್ ನಂಬೋದಿಲ್ಲ. ಮಧ್ಯದ ಸೆಳೆತ ಜೋರಿದ್ದರೆ, ಲೈನ್ ಬಿದ್ದ ಕೂಡಲೇ ರಾಡ್ ತುದಿಯಿಂದ ಅದನ್ನು ಮೇಲ್ಹರಿವಿನ ಕಡೆಗೆ ಎತ್ತಿ ಹಾಕಿ. ಆಗಲೂ ಮುಟ್ಟದಿದ್ದರೆ 6ಎಕ್ಸ್ ಟಿಪ್ಪೆಟ್ (ಲೀಡರ್ ತುದಿಗೆ ಸೇರಿಸುವ ತೆಳು ದಾರ) ಕಟ್ಟಿ, ಒಂದು ಸೈಜ್ ಚಿಕ್ಕ ಫ್ಲೈ ಹಾಕಿ.

ಮೊದಲನೆಯವರು: ತುಂಬಾ ಥ್ಯಾಂಕ್ಸ್ ಮೇಡಂ. 12 ವರ್ಷದ ಮಗನನ್ನೂ ಕರೆದುಕೊಂಡು ಹೋಗಬಹುದಾ?

ಉತ್ತರ: ಖಂಡಿತ. ಕೊಲೊರಾಡೊದಲ್ಲಿ 16 ತುಂಬುವವರೆಗೆ ಲೈಸೆನ್ಸ್ ಬೇಕಿಲ್ಲ, ನಿಮಗೆ ಬೇಕು. ಇಬ್ಬರೂ ಟೋಪಿ, ಕನ್ನಡಕ ಹಾಕಲೇಬೇಕು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಕೈಗೆ ಚುಚ್ಚಿದರೂ ಸುಲಭವಾಗಿ ಬರುತ್ತದೆ, ಮೀನಿಗೂ ಗಾಯ ಕಡಿಮೆ. ಮೀನು ಮುಟ್ಟೋ ಮೊದಲು ಕೈ ಒದ್ದೆ ಮಾಡಿಕೊಳ್ಳೋಕೆ ಮಗನಿಗೆ ಹೇಳಿ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದ ಮಧ್ಯಾಹ್ನ ಗಾಳ ಹಾಕಬೇಡಿ. ಬಿಸಿ ನೀರಲ್ಲಿ ಸೆಣಸಿ ಸುಸ್ತಾದ ಟ್ರೌಟ್, ಬಿಟ್ಟರೂ ಬದುಕೋದು ಕಷ್ಟ.