ಮುಕ್ಕಾಲು ಇಂಚಿನ ಸಿಪಿವಿಸಿ: ಒಂದೇ ಎಲ್ಬೋ ಮೂರನೇ ಸಲವೂ ಸೋರುತ್ತಿದೆ

ಪ್ರಶ್ನೆ:
ಸಿಪಿವಿಸಿ, ಅಂದರೆ ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪಿನಲ್ಲಿ ಬಿಸಿನೀರಿನ ಲೈನ್ ನಾನೇ ಹಾಕುತ್ತಿದ್ದೇನೆ. ಉಳಿದ ಜಾಯಿಂಟ್‌ಗಳೆಲ್ಲ ಸರಿಯಿವೆ, ಪೈಪ್ ತಿರುಗುವಲ್ಲಿ ಹಾಕಿದ ಈ ಒಂದು ಎಲ್ಬೋ ಮಾತ್ರ ಹನಿಯುತ್ತದೆ. ಎರಡು ಸಲ ಕತ್ತರಿಸಿ ಹೊಸದು ಹಾಕಿದೆ, ಪೈಪ್ ಕೂಡಿಸುವ ಸಲ್ಯೂಷನ್ ಧಾರಾಳವಾಗಿ ಹಚ್ಚಿದೆ. ಬೇರೆ ಸಲ್ಯೂಷನ್ ತರಬೇಕೇ?

ಉತ್ತರ:
ಡಬ್ಬಿಯ ಮೇಲೆ ಸಿಪಿವಿಸಿ ಎಂದೇ ಬರೆದಿದ್ದರೆ ಬೇಡ. ತೆಗೆದ ಎಲ್ಬೋವನ್ನು ಉದ್ದಕ್ಕೆ ಸೀಳಿ, ಪೈಪಿನ ತುದಿ ನೋಡಿ. ಸಲ್ಯೂಷನ್ ಅಂಟಲ್ಲ ಸರ್; ಎರಡೂ ಮೈಗಳನ್ನು ಕರಗಿಸಿ ಒಂದಾಗಿಸುತ್ತದೆ. ತುದಿ ಓರೆಯಾಗಿದ್ದರೆ ಒಂದು ಬದಿ ಸಾಕೆಟ್ಟಿನ (ಎಲ್ಬೋದಲ್ಲಿ ಪೈಪ್ ಕೂರುವ ಬಾಯಿ) ಆಳ ಮುಟ್ಟುವುದೇ ಇಲ್ಲ. ತುದಿಯಲ್ಲಿ ಸಿಬಿರು ಉಳಿದಿದ್ದರೆ, ಪೈಪ್ ಒಳಗೆ ಹೋಗುವಾಗ ಹಚ್ಚಿದ್ದನ್ನೆಲ್ಲ ಕೆರೆದು ಮುಂದಕ್ಕೆ ತಳ್ಳುತ್ತದೆ. ಎಷ್ಟು ಹಚ್ಚಿದರೂ ಅಷ್ಟೇ.

ನೇರ ಅಂಚಿನ ಕಾಗದವನ್ನು ಪೈಪಿಗೆ ಸುತ್ತಿ, ಅಂಚು ಅಂಚಿಗೆ ಕೂಡಿಸಿ ಗೆರೆ ಎಳೆಯಿರಿ. ಸಣ್ಣ ಹಲ್ಲಿನ ಹ್ಯಾಕ್‌ಸಾ ಬ್ಲೇಡ್ ಬಳಸಿ, ಪೈಪನ್ನು ಆಗಾಗ ತಿರುಗಿಸುತ್ತ ಗೆರೆಯ ಮೇಲೆಯೇ ಕೊಯ್ಯಿರಿ. ಒಳಗಿನ ಸಿಬಿರನ್ನು ಚಾಕುವಿನಿಂದ ಹೆರೆದು, ಹೊರ ಅಂಚನ್ನು ಅರದಿಂದ ಸ್ವಲ್ಪ ಇಳಿಜಾರು ಮಾಡಿ. ಈ ಎರಡು ನಿಮಿಷದ ಕೆಲಸವನ್ನೇ ಹೆಚ್ಚಿನವರು ಬಿಡುವುದು.

ಪ್ರಶ್ನೆ ಕೇಳಿದವರು:
ಸೀಳಿ ನೋಡಿದೆ. ಓರೆ ಇದೆ, ನಿಜ. ಆದರೆ ಇದೊಂದನ್ನು ಮಾತ್ರ ಚಳಿಯ ಬೆಳಿಗ್ಗೆ ಕಟರ್‌ನಲ್ಲಿ ಒತ್ತಿ ಕತ್ತರಿಸಿದ್ದೆ. ಪೈಪಿನ ಉದ್ದಕ್ಕೆ ಕೂದಲೆಳೆಯಂಥ ಗೆರೆ ಕಾಣುತ್ತಿದೆ.

ಉತ್ತರ:
ಸಿಕ್ಕಿತು! ಅದು ಬಿರುಕು. ತಣ್ಣಗಿರುವಾಗ ಸಿಪಿವಿಸಿ ಪೆಡಸಾಗುತ್ತದೆ, ಮೊಂಡು ಬ್ಲೇಡಿನ ಕಟರ್ ಅದನ್ನು ಕತ್ತರಿಸುವ ಬದಲು ಹಿಸುಕುತ್ತದೆ. ಎರಡು ಸಲವೂ ನೀವು ತುದಿಯಷ್ಟನ್ನೇ ತೆಗೆದಿದ್ದೀರಿ, ಬಿರುಕು ಗೋಡೆಯ ಕಡೆಗೇ ಉಳಿದಿದೆ. ಗೆರೆ ಮುಗಿದಲ್ಲಿಂದ ಇನ್ನೂ 2 ಇಂಚು ಆಚೆ ಕತ್ತರಿಸಿ. ಕಣ್ಣಿಗೆ ಕಾಣದ ಭಾಗವೂ ಇರುತ್ತದೆ. ಉದ್ದ ಸಾಲದಿದ್ದರೆ ಕಪ್ಲರ್ (ಎರಡು ಪೈಪ್ ನೇರವಾಗಿ ಕೂಡಿಸುವ ಜಾಯಿಂಟ್) ಹಾಕಿ ಹೊಸ ತುಂಡು ಸೇರಿಸಿ.

ಸಲ್ಯೂಷನ್ ಇಲ್ಲದೆ ಒಮ್ಮೆ ಕೂರಿಸಿ ನೋಡಿ. ಸಾಕೆಟ್ಟಿನ ಆಳದ ಮೂರರಲ್ಲೊಂದರಿಂದ ಮೂರರಲ್ಲೆರಡು ಭಾಗದೊಳಗೆ ಬಿಗಿಯಾಗಬೇಕು. ಆಮೇಲೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಕೊನೆಯವರೆಗೂ ತಳ್ಳಿ 30 ಸೆಕೆಂಡ್ ಹಿಡಿದುಕೊಳ್ಳಿ. ಬೇಗ ಕೈಬಿಟ್ಟರೆ ಪೈಪ್ ಹಿಂದಕ್ಕೆ ಜಾರುತ್ತದೆ. ಡಬ್ಬಿಯ ಮೇಲಿರುವಷ್ಟು ಹೊತ್ತು ಕಾಯದೆ ನೀರು ಬಿಡಬೇಡಿ.

ಪ್ರಶ್ನೆ ಕೇಳಿದವರು:
ಬಿರುಕಿನಾಚೆ ಕತ್ತರಿಸಿ ಕಪ್ಲರ್ ಹಾಕಿದೆ. ನಿನ್ನೆಯಿಂದ ಪೂರ್ತಿ ಒತ್ತಡದಲ್ಲಿ ನೀರು ನಿಂತಿದೆ, ಎಲ್ಬೋ ಒಣಗೇ ಇದೆ. ಕಟರ್‌ನಲ್ಲಿ ಕತ್ತರಿಸಿದ ಇನ್ನೊಂದು ತುಂಡು ಲೈನಿಗೆ ಹಾಕದೆ ಉಳಿದಿತ್ತು, ಅದರಲ್ಲೂ ಅದೇ ಗೆರೆ. ತೆಗೆದಿಟ್ಟೆ.