ಹಣ್ಣಿನ ‘ಸಾಸಿವೆ’ಗೆ ಮೊಸರು ಇರಲೇಬೇಕೇ?

ಎಲ್ಲರಿಗೂ ನಮಸ್ಕಾರ.

ಒಂದು ಅಡುಗೆ ಪುಸ್ತಕದ ಅನುವಾದ ತಿದ್ದುತ್ತಿದ್ದೇನೆ. ಹಣ್ಣಿಗೆ ಮೊಸರು ಬೆರೆಸಿ ತಣ್ಣಗೆ ಉಣ್ಣುವ ಪದಾರ್ಥಗಳದ್ದೇ ಒಂದು ಅಧ್ಯಾಯವಿದೆ. ಅನುವಾದಕರು ಉದ್ದಕ್ಕೂ ‘ತಣ್ಣನೆಯ ಮೊಸರಿನ ಸೂಪ್’ ಅಂತ ಬರೆದಿದ್ದಾರೆ. ಮಲೆನಾಡು, ಕರಾವಳಿಯ ಅಡುಗೆಮನೆಯಲ್ಲಿ ಇಂಥದಕ್ಕೆ ಹೆಸರಿನ ಬರವೇ? ತಂಬುಳಿ ಇದೆ, ಸಾಸಿವೆ (ಕಾಳಲ್ಲ, ಅದನ್ನು ಅರೆದು ಹಾಕಿ ಮಾಡುವ ಪದಾರ್ಥ) ಇದೆ. ಯಾವುದನ್ನು ಎಲ್ಲಿ ಬಳಸುವುದು ಅನ್ನೋದೇ ಗೊಂದಲ.

ತಂಬುಳಿಯ ಮಟ್ಟಿಗೆ ಸಮಸ್ಯೆ ಇಲ್ಲ. ತಣ್ + ಪುಳಿ, ಕಣ್ + ಪನಿ ‘ಕಂಬನಿ’ ಆದ ಹಾಗೆ. ಒಂದೆಲಗವೋ ನೆಲ್ಲಿಕಾಯಿಯೋ, ಕಾಯಿತುರಿ, ಜೀರಿಗೆ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಸೇರಿಸುವುದು, ಮೇಲೊಂದು ಒಗ್ಗರಣೆ. ಕುದಿಸುವ ಹಾಗಿಲ್ಲ. ಅನ್ನಕ್ಕೂ ಆಗುತ್ತದೆ, ಲೋಟಕ್ಕೆ ಸುರಿದು ಕುಡಿಯಲೂ ಆಗುತ್ತದೆ.

ತಕರಾರಿರುವುದು ಸಾಸಿವೆಯಲ್ಲಿ. ಕಾಡುಮಾವಿನ ಹಣ್ಣಿನ ಸಿಪ್ಪೆ ತೆಗೆದು, ಗೊರಟಿನ ಸಮೇತ ಹಿಚುಕಿ, ಉಪ್ಪು ಬೆಲ್ಲ ಹಾಕುತ್ತಾರೆ. ಕಾಯಿತುರಿ, ಮೆಣಸಿನಕಾಯಿ ರುಬ್ಬಿಕೊಂಡು, ಹುರಿಯದ ಸಾಸಿವೆ ಕಾಳನ್ನು ಕೊನೆಗೆ ಹಾಕಿ ಒಂದೆರಡು ಸುತ್ತು ತಿರುಗಿಸುತ್ತಾರೆ. ಜಾಸ್ತಿ ಅರೆದರೆ ಕಹಿ. ಒಲೆ ಮೇಲಿಟ್ಟರೆ ಮೂಗಿಗೇರುವ ಘಾಟು ಹೋಯಿತು, ಹಾಗಾಗಿ ಇದೂ ತಣ್ಣಗೇ ಇರಬೇಕು. ಮೊಸರಿನ ವಿಷಯಕ್ಕೆ ಬಂದರೆ ಮಾತ್ರ ಮನೆಯಿಂದ ಮನೆಗೆ ಬೇರೆ. ಹವ್ಯಕರಲ್ಲಿ ಸಾಸಿವೆ (ದಕ್ಷಿಣ ಕನ್ನಡದವರ ಬಾಯಲ್ಲಿ ‘ಸಾಸಮೆ’) ಅಂದರೆ ಮೊಸರೋ ಮಜ್ಜಿಗೆಯೋ ಬೀಳುವುದೇ ರೂಢಿ. ಕೊಂಕಣಿಗರ ‘ಸಾಸಮ್’ನಲ್ಲಿ ಅದೇ ಮಾವು, ಅದೇ ಅನಾನಸು, ಜೊತೆಗೆ ದ್ರಾಕ್ಷಿ, ಆದರೆ ಸಾಮಾನ್ಯವಾಗಿ ಮೊಸರೇ ಇರುವುದಿಲ್ಲ. ಎರಡಕ್ಕೂ ಹೆಸರು ಬಂದಿರುವುದು ಸಾಸಿವೆ ಕಾಳಿನಿಂದಲೇ, ಮೊಸರಿನಿಂದ ಅಲ್ಲವಲ್ಲ!

ಪುಸ್ತಕದಲ್ಲಿ ಕೇರಳದ ಅನಾನಸ್ ಪಚ್ಚಡಿಯೂ ಇದೆ. ಅಲ್ಲೂ ಕಾಯಿ, ಸಾಸಿವೆ, ಮೊಸರು. ಹಣ್ಣನ್ನು ಮಾತ್ರ ಮೊದಲು ಬೇಯಿಸಿಕೊಳ್ಳುತ್ತಾರೆ. ಅದನ್ನು ಪಚ್ಚಡಿ ಅಂತಲೇ ಉಳಿಸಿಕೊಳ್ಳೋಣ ಅಂದುಕೊಂಡಿದ್ದೇನೆ, ಕನ್ನಡಕ್ಕೆ ಅದೇನೂ ಹೊಸ ಮಾತಲ್ಲ. (ಅಪ್ಪೆಹುಳಿಯನ್ನೂ ಇಲ್ಲಿ ಸೇರಿಸಿ ಅಂತ ಒಬ್ಬರು ಹೇಳಿದರು. ಬೇಡ. ಅದರಲ್ಲಿ ಮೊಸರಿಲ್ಲ, ಮಾವಿನಕಾಯಿಯೂ ಬೆಂದಿರುತ್ತದೆ.)

ಈಗ ನನ್ನ ಪ್ರಶ್ನೆ. ನಿಮ್ಮ ಕಡೆ ಮೊಸರು ಹಾಕದ್ದನ್ನೂ ಸಾಸಿವೆ ಅಂತಲೇ ಕರೆಯುತ್ತೀರಾ, ಇಲ್ಲಾ ಗೊಜ್ಜು ಅಂತೀರಾ? ಹಳೇ ಮೈಸೂರು ಕಡೆಯವರು ‘ಮೊಸರುಗೊಜ್ಜು’ ಅನ್ನುವುದನ್ನು ಹಣ್ಣಿಗೂ ಬಳಸುತ್ತಾರಾ, ಬರೀ ತರಕಾರಿಗೇನಾ? ಉತ್ತರದ ಜೊತೆ ಊರಿನ ಹೆಸರನ್ನೂ ಬರೆಯಿರಿ, ಅಡಿಟಿಪ್ಪಣಿಯಲ್ಲಿ ಪ್ರದೇಶ ಸೂಚಿಸುವುದಿದೆ.